ಗೋಡೆಯ ಮೇಲಿನ ಗ್ವಾರ್ನೆಲ್ಲಿ

ಗ್ವಾರ್ನೆಲ್ಲಿ ಮನೆತನದಲ್ಲಿ ಮುಖಗಳು ಬದಲಾಗುತ್ತಿರಲಿಲ್ಲ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಕೂರಿಸಿದ್ದ ಕಲ್ಲಿನ ತಲೆಗಳನ್ನು ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಉಣ್ಣೆ ಮಾರಿ ಕುದುರೆ ಕೊಂಡು, ಕುದುರೆ ಏರಿ ಸರದಾರನಾದ ಮೂಲಪುರುಷ ರುಜ್ಜೆರೊ. ರಾಜಿಯ ಊಟಕ್ಕೆಂದು ಕರೆದು ವೈರಿಮನೆಯ ಗಂಡಸರನ್ನು ನೆಲಮಾಳಿಗೆಯ ಬಾವಿಗೆ ತಳ್ಳಿಸಿದ ಅವನ ಮಗ ಉಬಾಲ್ದೊ. ಅದೇ ಬಾವಿಯ ನೀರನ್ನು ಪವಿತ್ರಗೊಳಿಸಿ ಊರಿನ ಶಿಶುಗಳಿಗೆಲ್ಲ ಸ್ನಾನದೀಕ್ಷೆ ಕೊಟ್ಟ ಮೊಮ್ಮಗ, ಬಿಷಪ್ ಗ್ವಿತ್ತೊನೆ. ಎಲ್ಲರದೂ ಒಂದೇ ಗಿಡುಗನ ಮೂಗು, ಒಂದೇ ತೆಳು ತುಟಿ.

ಆ ಮೂಗು ಕೊನೆಗೆ ಇಬ್ಬರು ಅಣ್ಣತಮ್ಮಂದಿರಿಗೆ ಬಂದಿತ್ತು. ಅಣ್ಣ ನೇರಿ, ತಮ್ಮ ಲಾಪೊ. ಹುಡುಗರಾಗಿದ್ದಾಗ ನೇರಿ ಬೀಸಿದ ಕಲ್ಲು ಲಾಪೊನ ಎಡಹುಬ್ಬನ್ನು ಸೀಳಿತ್ತು. ರಕ್ತ ಸುರಿಸಿಕೊಂಡು ಓಡಿಬಂದ ಮಗನನ್ನು ತಾಯಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ದಳು.

"ಅಳಬೇಡ. ಇನ್ಮೇಲಾದ್ರೂ ಯಾರು ಯಾರು ಅಂತ ಗೊತ್ತಾಗುತ್ತೆ."

ತಾಯಿಯ ಹೆಸರು ಒರ್ಸಾ. ಊರವರಿಗೆ ಮೊನ್ನಾ ಒರ್ಸಾ, ಅಂದರೆ ಒರ್ಸಾ ಅಮ್ಮನವರು. ಗಂಡ ಸತ್ತ ಮೇಲೆ ಊಟದ ಮೇಜಿನ ತುದಿಯಲ್ಲಿದ್ದ ಅವನ ಎತ್ತರದ ಕುರ್ಚಿಗೆ ನೇರಿಯನ್ನು ಕೂರಿಸಿದವಳು ಅವಳೇ. ನೇರಿ ಊರಲ್ಲಿಲ್ಲದಾಗ ಆ ಕುರ್ಚಿ ಖಾಲಿಯೇ ಇರುತ್ತಿತ್ತು. ಲಾಪೊ ಬಾಗಿಲ ಬಳಿ, ಗಾಳಿ ಬೀಸುವ ಜಾಗದಲ್ಲಿ, ಕೂತು ಉಣ್ಣುತ್ತಿದ್ದ. ಒಂದೇ ಒಂದು ಸಲ ತಾಯಿ ತನ್ನನ್ನು ಆ ಕುರ್ಚಿಗೆ ಕರೆಯಬೇಕೆಂಬುದು ಬಿಟ್ಟರೆ ಅವನಿಗೆ ಬೇರೆ ದೊಡ್ಡ ಆಸೆ ಇರಲಿಲ್ಲ.

ದ್ರಾಕ್ಷಿ ಕೊಯ್ಲು ಮುಗಿದ ವಾರ, ಹೊಳೆಕೋಟೆಯ ದಳಪತಿಯಾಗಿದ್ದ ನೇರಿ ಬಾಗಿಲು ತೆರೆದು ಶತ್ರುಗಳನ್ನು ಒಳಗೆ ಬಿಟ್ಟ. ಕಾವಲಿನವರನ್ನು ಹಾಸಿಗೆಯಲ್ಲೇ ಕೊಂದರು. ನೇರಿ ಶತ್ರುಗಳ ಜೊತೆಗೇ ಹೊರಟುಹೋದ. ವೆರ್ನಾಲ್ಬ ಪಟ್ಟಣದ ಚೌಕದಲ್ಲಿ ವಿಧವೆಯರು ತಲೆಗೂದಲು ಬಿಚ್ಚಿಕೊಂಡು ನಿಂತರು. ಊರಿನ ಸಭೆ ದ್ರೋಹಿಗೆ ನೇಣು ವಿಧಿಸಿತು.

ಸಿಕ್ಕದ ದ್ರೋಹಿಯನ್ನು ವೆರ್ನಾಲ್ಬದಲ್ಲಿ ಗೋಡೆಗೆ ಏರಿಸುತ್ತಿದ್ದರು. ನ್ಯಾಯಾಧಿಪತಿಯ ಅರಮನೆಯ ಹೊರಗೋಡೆಯ ಮೇಲೆ, ಒಂದು ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ತೂಗಿದಂತೆ ಆಳೆತ್ತರದ ಚಿತ್ರ. ಮುಖ ಗುರುತು ಸಿಗುವಂತಿರಬೇಕು. ಗುರುತಿಲ್ಲದ ಚಿತ್ರ ಶಿಕ್ಷೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಿತ್ರವಾಗದಿದ್ದರೆ ದ್ರೋಹಿಯ ಮನೆ, ಗೋಪುರ ಎಲ್ಲವನ್ನೂ ಕೆಡವಿ ಆ ನೆಲಕ್ಕೆ ಉಪ್ಪು ಎರಚಬೇಕು. ಊರಿನ ಚಿತ್ರಕಾರರು ಯಾರೂ ಈ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಒಮ್ಮೆ ದ್ರೋಹಿಯನ್ನು ಬರೆದವನನ್ನು ಆಮೇಲೆ ಯಾರೂ ಮಾತೆ ಮರಿಯಳನ್ನು ಬರೆಯಲು ಕರೆಯುತ್ತಿರಲಿಲ್ಲ. ಹಾಗಾಗಿ ಲುಕ್ಕಾ ಊರಿನಿಂದ ಬಿಂದೊ ಎಂಬ ಮಾಸ್ತರನನ್ನು ಕರೆಸಿದರು. ಅವನು ನೇರಿಯನ್ನು ಒಮ್ಮೆಯೂ ಕಂಡವನಲ್ಲ.

ಆ ಮಧ್ಯಾಹ್ನ ತಾಯಿ ಲಾಪೊನನ್ನು ಮೆಟ್ಟಿಲ ಬಳಿಗೆ ಕರೆದಳು. ಕಲ್ಲಿನ ತಲೆಗಳ ಕೆಳಗೆ ನಿಂತಿದ್ದಳು.

"ಇವರನ್ನೆಲ್ಲ ಕಿತ್ತು ಚರಂಡಿಗೆ ಹಾಕ್ತಾರಂತೆ. ನಿನಗೆ ಸಮ್ಮತಾನಾ?"

"ನಾನೇನ್ ಮಾಡ್ಲಿ ಅಮ್ಮ? ಮಾಡಿದ್ದು ಅವನು."

"ಮಾಸ್ತರನಿಗೆ ಒಂದು ಮುಖ ಬೇಕು. ನಿನ್ನ ಹತ್ತಿರ ಇದೆ. ಸಭೆಯವರೂ ಒಪ್ಪಿದಾರೆ."

ಲಾಪೊ ತನ್ನ ಮೂಗು ಮುಟ್ಟಿಕೊಂಡ. "ನಾನು ತಲೆಕೆಳಗಾಗಿ ನೇತಾಡಬೇಕಾ?"

"ನಿನ್ನನ್ನ ಸಾಯೋಕೆ ಹೇಳ್ತಿದೀನಾ? ಹಗ್ಗ ಕಟ್ತಾರೆ, ಬರ್ಕೋತಾರೆ, ಇಳಿಸ್ತಾರೆ." ಆಮೇಲೆ ಅವನ ಕಡೆ ನೋಡದೆ ಹೇಳಿದಳು: "ಮನೆ ಉಳಿದ್ರೆ ಕುರ್ಚಿ ನಿಂದೇ."

ಹ್ಯಾಮ್ ಒಣಗಲು ತೂಗುಹಾಕುತ್ತಿದ್ದ ದೊಡ್ಡ ಕೋಣೆಯ ತೊಲೆಗೆ ಹಗ್ಗ ಬಿಗಿದರು. ಮಾಸ್ತರ ಬಿಂದೊ ಮೃದು ಸ್ವಭಾವದವನು. ಎಡಗಾಲಿನ ಗಿಣ್ಣಿಗೆ ಉಣ್ಣೆಬಟ್ಟೆ ಸುತ್ತಿ, ಅದರ ಮೇಲೆ ಗಂಟು ಹಾಕಿದ.

"ತಲೆ ತಿರುಗಿದ್ರೆ 'ಇಳಿಸಿ' ಅನ್ನಿ ಒಡೆಯರೇ. ತಕ್ಷಣ ಇಳಿಸ್ತೀನಿ. ನಾಚಿಕೊಳ್ಳಬೇಡಿ. ತಲೆಕೆಳಗಾಗಿ ಶಿಲುಬೆಗೇರಿದ ಸೇಂಟ್ ಪೀಟರನ್ನ ಬರೆಯೋವಾಗ, ಮಾದರಿಗೆಂದು ತೂಗಿದ್ದ ಕಟುಕನೊಬ್ಬ ಅಲ್ಲೇ ವಾಂತಿ ಮಾಡಿಕೊಂಡಿದ್ದ."

ಲಾಪೊ ನಕ್ಕ. ಆಮೇಲೆ ನೆಲ ಚಾವಣಿಯಾಯಿತು. ರಕ್ತ ಕಣ್ಣಿಗೆ ನುಗ್ಗಿತು, ಮೂಗು ಕಟ್ಟಿತು, ನಾಲಗೆ ಅಂಗುಳಕ್ಕೆ ಅಂಟಿತು. "ಇಳಿಸಿ," ಎಂದ. ಬಿಂದೊ ಇದ್ದಿಲು ಬಿಸುಟು ಹಗ್ಗ ಸಡಿಲಿಸಿದ. ನೀರು ಕುಡಿಸಿ ಮತ್ತೆ ಏರಿಸಿದ. ಹಾಗೆ ಎಷ್ಟೋ ಸಲ. ತಾಯಿ ಕಿಟಕಿಯ ಬಳಿ ಕೂತು ನೋಡುತ್ತಿದ್ದಳು.

"ಬೇಗ ಬೇಗ ಇಳಿಸ್ತೀಯಲ್ಲ ಮಾಸ್ತರ," ಎಂದಳು. "ಮುಖ ಊದಿಕೊಳ್ಳಲಿ. ದ್ರೋಹಿ ಮದುವೆ ಮನೆಯಿಂದ ಎದ್ದು ಬಂದ ಹಾಗೆ ಕಾಣಬಾರದು."

ಕೊನೆಯಲ್ಲಿ ಬಿಂದೊ ಕೇಳಿದ: "ಹುಬ್ಬಿನ ಸೀಳು ಅಣ್ಣನವರಿಗೂ ಇದೆಯಾ?"

"ಇಲ್ಲ. ಅದನ್ನ ಬಿಟ್ಟುಬಿಡು," ಎಂದು ಹೇಳಿ ತಾಯಿ ಎದ್ದು ಹೋದಳು.

ಲಾಪೊ ಕಾಲು ತಿಕ್ಕಿಕೊಳ್ಳುತ್ತಾ ಕೂತಿದ್ದ. ಊರೆಲ್ಲ ನೇರಿಯ ಹೆಸರಿಗೆ ಉಗಿಯುತ್ತದೆ. ತಾನು ನೇತಾಡಿದ್ದನ್ನು ಸಭೆಯವರು ಬಾಯಿ ಬಿಡುವುದಿಲ್ಲ, ಊರಿಗೆ ತಿಳಿಯುವುದಿಲ್ಲ. ಮನೆಯನ್ನು ಉಳಿಸಿದವನು ಯಾರೆಂದು ಒಂದು ಗುರುತಾದರೂ ಉಳಿಯಬೇಡವೇ?

"ಸೀಳು ಇರಲಿ ಮಾಸ್ತರ."

"ಅಮ್ಮನವರು ಬೇಡ ಅಂದ್ರಲ್ಲ?"

"ಮುಖ ನಂದು ತಾನೇ? ಇರಲಿ."

ಬಿಂದೊ ಭುಜ ಕುಣಿಸಿದ. ಸೀಳು ಗೋಡೆಗೆ ಹೋಯಿತು.

ಗೋಪುರ ಉಳಿಯಿತು. ಮೊನ್ನಾ ಒರ್ಸಾ ಮಾತು ಉಳಿಸಿಕೊಂಡಳು. ಲಾಪೊ ಎತ್ತರದ ಕುರ್ಚಿಯಲ್ಲಿ ಕೂತು ಉಂಡ. ಆದರೆ ತಾಯಿ ಈಗ ತನ್ನ ಕೋಣೆಯಲ್ಲೇ ಊಟ ಮಾಡುತ್ತಿದ್ದಳು. ಬೀದಿಗಿಳಿದರೆ ವಿಧವೆಯರು ಗೋಡೆಗೆ ಎಸೆದು ಉಳಿದ ಕೆಸರನ್ನು ಅವನ ಕಡೆಗೂ ತೂರುತ್ತಿದ್ದರು. ನೂತಾ ಎಂಬ ನೇಕಾರ್ತಿಯ ಇಬ್ಬರು ಗಂಡುಮಕ್ಕಳು ಹೊಳೆಕೋಟೆಯಲ್ಲಿ ಸತ್ತಿದ್ದರು. ಅವಳು ದಿನವೂ ಬ್ರೆಡ್ ಕೊಳ್ಳುವ ಮೊದಲು ಚಿತ್ರಕ್ಕೆ ಉಗಿದು ಮುಂದೆ ಹೋಗುತ್ತಿದ್ದಳು. ಒಮ್ಮೆ ದಾರಿಯಲ್ಲಿ ಲಾಪೊನನ್ನು ತಡೆದು ನಿಲ್ಲಿಸಿದಳು.

"ಏನಪ್ಪಾ, ಇವತ್ತು ಕಾಲ ಮೇಲೆ ನಿಂತಿದ್ದೀಯ? ಅಭ್ಯಾಸ ತಪ್ಪಿ ತಲೆ ಸುತ್ತಲ್ವಾ?"

"ಅದು ನನ್ನ ಅಣ್ಣ ಕಣಮ್ಮ."

"ನಿನ್ನ ಅಣ್ಣನ ಮುಖ ಮರೆತೇಹೋಗಿದೆ. ನಿನ್ನ ಮುಖ ಮಾತ್ರ ಕನಸಲ್ಲೂ ಬರುತ್ತೆ."

ಲಾಪೊಗೆ ನಿಶ್ಚಯವಾಗಿದ್ದ ಹೆಣ್ಣು ಪಿಯೆರಾಳ ತಂದೆ ಒಂದು ದಿನ ಬಂದ. "ಮಗು ಹುಟ್ಟಿದ್ರೆ ಅದೇ ಮೂಗು ಇರುತ್ತಲ್ಲಪ್ಪ, ಏನ್ ಮಾಡೋದು," ಎಂದು ಹೇಳಿ ಉಂಗುರ ವಾಪಸು ಇಟ್ಟು ಹೋದ. ಲಾಪೊ ಸಹಿಸಿಕೊಂಡ. ನಿಜವನ್ನು ಹೇಳುವ ಸೀಳು ಗೋಡೆಯ ಮೇಲಿದೆ, ಒಂದು ದಿನ ಯಾರಾದರೂ ಅದನ್ನು ಗಮನಿಸುತ್ತಾರೆ ಎಂದು ನಂಬಿದ್ದ.

ನಾಲ್ಕನೆಯ ವಸಂತದಲ್ಲಿ ಅದನ್ನು ಗಮನಿಸಿದವನು ನೇರಿ.

ಉತ್ತರದಿಂದ ದೊಡ್ಡ ಸೈನ್ಯವೊಂದು ಇಳಿದುಬರುತ್ತಿತ್ತು. ವೆರ್ನಾಲ್ಬಕ್ಕೆ ಸವಾರರು ಬೇಕಿದ್ದರು; ನೇರಿಯ ಬಳಿ ಸವಾರರಿದ್ದರು. ಸಭೆ ಅವನಿಗೆ ಹೇಳಿಕಳಿಸಿತು. ಅವನು ಹಬ್ಬಕ್ಕೆ ಬಂದವನಂತೆ ಕುದುರೆ ಏರಿ ಊರೊಳಗೆ ಬಂದ. ಹೊಳೆಕೋಟೆಯಲ್ಲಿ ತನ್ನನ್ನು ಸೆರೆಹಿಡಿದು ಒಯ್ದರೆಂದೂ, ಬಾಗಿಲು ತೆರೆದವನು ಬೇರೆ ಯಾರೋ ಎಂದೂ ಹೇಳಿದ. ಸಭೆಯಲ್ಲಿ ಯಾರೂ ಅದನ್ನು ನಂಬಲಿಲ್ಲ. ಯಾರೂ ಹಾಗೆಂದು ಹೇಳಲೂ ಇಲ್ಲ.

ತೊಡಕಾದದ್ದು ಗೋಡೆ. ಒಮ್ಮೆ ಕೊಟ್ಟ ತೀರ್ಪನ್ನು ಊರು ಹಿಂತೆಗೆದುಕೊಳ್ಳುವಂತಿರಲಿಲ್ಲ. ವಿಧವೆಯರು ಚೌಕ ಬಿಟ್ಟು ಕದಲಲಿಲ್ಲ. ನೇರಿ ಕುದುರೆಯ ಮೇಲೆ ಕೂತೇ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದ. ಜೋರಾಗಿ ನಕ್ಕ.

"ಇದು ನಾನಲ್ಲ! ಹುಬ್ಬು ನೋಡಿ. ಆ ಕಲ್ಲು ಎಸೆದವನೇ ನಾನು."

ಆರು ತಿಂಗಳಿಗೊಬ್ಬನಂತೆ ಬೇರೆ ಊರಿನಿಂದ ಬರುತ್ತಿದ್ದ ನ್ಯಾಯಾಧಿಪತಿಗಳಲ್ಲಿ ಆಗಿನವನು ಶಾಸನದ ಸಾಲನ್ನು ಓದಿಸಿದ: ಗೋಡೆಯ ಮೇಲೆ ಯಾರ ಮುಖವಿದೆಯೋ ಅವನೇ ಅಪರಾಧಿ, ಸಿಕ್ಕ ದಿನ ಚಿತ್ರದಲ್ಲಿದ್ದಂತೆಯೇ ಅವನಿಗೆ ಶಿಕ್ಷೆಯಾಗತಕ್ಕದ್ದು. ಲಾಪೊನನ್ನು ಊಟದ ಕುರ್ಚಿಯಿಂದಲೇ ಎಬ್ಬಿಸಿ ತಂದರು.

ಗೋಡೆಯ ಬಣ್ಣ ತಿದ್ದಲೆಂದು ಮತ್ತೆ ಊರಿಗೆ ಬಂದಿದ್ದ ಮಾಸ್ತರ ಬಿಂದೊನನ್ನು ಕೇಳಿದರು: "ಯಾರ ಮುಖ ನೋಡಿ ಬರೆದೆ?"

"ಈ ಒಡೆಯರದ್ದೇ. ಆದರೆ ಅದು—"

"ಕೇಳಿದ್ದಕ್ಕೆ ಉತ್ತರ ಬಂತು."

"ಸ್ವಾಮಿ, ನಾನು ಅವನ ಬದಲಿಗೆ ನಿಂತಿದ್ದೆ!" ಎಂದು ಲಾಪೊ ಕೂಗಿದ. "ಸಭೆಯವರೇ ಒಪ್ಪಿದ್ರು. ಇವರಿಗೆಲ್ಲ ಗೊತ್ತು!"

ಸಭೆಯವರು ತಮ್ಮ ಬೂಟುಗಳನ್ನು ನೋಡಿಕೊಂಡರು. ಗೊತ್ತಿಲ್ಲ ಎಂದು ಅವರು ಹೇಳಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ನೇರಿ ತಮ್ಮನ ಬಳಿ ಬಂದು ಹೆಗಲ ಮೇಲೆ ಕೈಯಿಟ್ಟ. "ಏನೋ ಲಾಪೊ, ಇಷ್ಟು ದಿನ ನನ್ನ ಕುರ್ಚಿ ಬೆಚ್ಚಗಿಟ್ಟಿದ್ದೆಯಂತೆ?"

"ನೇರಿ, ನಿಜ ಹೇಳೋ. ನಿನ್ನ ಕಾಲಿಗೆ ಬೀಳ್ತೀನಿ."

"ನನ್ನ ಕಾಲಿಗಾ? ನಿನ್ನ ಕಾಲು ನೋಡ್ಕೋ ಮೊದಲು."

ಕೊನೆಯ ಸಾಕ್ಷಿ ತಾಯಿ. ಕಪ್ಪು ಮೇಲುಡೆ ಹೊದ್ದು ಬಂದಳು. ಒಂದು ಕ್ಷಣ ನೇರಿಯನ್ನು ನೋಡಿದಳು; ಲಾಪೊ ಅಂಥ ನೋಟವನ್ನು ಎಂದೂ ಪಡೆದವನಲ್ಲ.

"ಮೊನ್ನಾ ಒರ್ಸಾ, ಹೆತ್ತವಳು ನೀವು. ಗೋಡೆಯ ಮೇಲಿರುವವನು ಯಾರು?"

ಅವಳು ಅರಮನೆಯ ಗೋಡೆಯವರೆಗೂ ನಡೆದಳು. ಒಣಗಿದ ಕೆಸರನ್ನು ಬೆರಳಿನಿಂದ ಕೆರೆದು ಹುಬ್ಬನ್ನು ನೋಡಿದಳು.

"ಬಿಡು ಅಂತ ಹೇಳಿದ್ದೆನಲ್ಲೋ," ಎಂದಳು, ಪಕ್ಕದಲ್ಲಿ ನಿಲ್ಲಿಸಿದ್ದ ಲಾಪೊಗಷ್ಟೇ ಕೇಳುವಂತೆ. ಆಮೇಲೆ ಎಲ್ಲರಿಗೂ ಕೇಳುವಂತೆ: "ಲಾಪೊ. ನನ್ನ ಎರಡನೇ ಮಗ."

ಆ ದಿನ ಚೌಕದಲ್ಲಿ ನೇರಿಯೊಬ್ಬನನ್ನು ಬಿಟ್ಟು ಯಾರೂ ಸುಳ್ಳು ಹೇಳಲಿಲ್ಲ.

ಅರಮನೆಯ ಉಪ್ಪರಿಗೆಯ ಕಬ್ಬಿಣದ ಸರಳಿಗೆ ಹಗ್ಗ ಕಟ್ಟಿದರು. ಯಾವ ಕಾಲು ಎಂದು ಸೇವಕ ಕೇಳಿದ. ಚಿತ್ರ ನೋಡು ಎಂದರು. ಎಡಗಾಲು. ಈ ಸಲ ಉಣ್ಣೆಬಟ್ಟೆ ಸುತ್ತಲಿಲ್ಲ. ಚೌಕ ಮಗುಚಿ ಬಿತ್ತು. ಜನರ ಕಾಲುಗಳು ಆಕಾಶಕ್ಕೆ ಅಂಟಿಕೊಂಡವು. ನೂತಾ ಎದುರಿಗೆ ನಿಂತು, ಚಿತ್ರವನ್ನೂ ಅವನನ್ನೂ ಹೋಲಿಸಿ ನೋಡಿದಳು. ತೃಪ್ತಳಾಗಿ ಅವನ ಮುಖಕ್ಕೆ ಉಗಿದು ಬ್ರೆಡ್ ಅಂಗಡಿಯ ಕಡೆ ನಡೆದಳು.

ಬಿಸಿಲು ಏರಿತು. ಕಣ್ಣು ಮಂಜಾಯಿತು, ನಾಲಗೆ ಅಂಗುಳಕ್ಕೆ ಅಂಟಿತು. ದೂರದಲ್ಲಿ ಗ್ವಾರ್ನೆಲ್ಲಿ ಗೋಪುರದ ಕೆಳಗೆ ಕಲ್ಲುಕುಟಿಗನೊಬ್ಬ ನೇರಿಯನ್ನು ಅತ್ತಿತ್ತ ತಿರುಗಿಸಿ ಮೂಗಿನ ಅಳತೆ ತೆಗೆದುಕೊಳ್ಳುತ್ತಿದ್ದ. ತಾಯಿ ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದಳು.

"ಇಳಿಸಿ," ಎಂದ ಲಾಪೊ.

ಗುಂಪಿನ ಅಂಚಿನಲ್ಲಿ ಮಾಸ್ತರ ಬಿಂದೊನ ಕೈಗಳು ತಾವಾಗಿಯೇ ಮೇಲೆದ್ದವು. ಅವನು ಅವುಗಳನ್ನು ನೋಡಿಕೊಂಡು, ಮೇಲಂಗಿಯ ಒಳಗೆ ತೂರಿಸಿದ.