ಬಿಳಿ ಟೇಪಿನ ಗುರುತು

"ಇದೂ ಮಂಕು," ಎಂದು ಗುಬ್ಬಿ ಮೂರನೆಯ ಸಿಂಥ್ ಕೀಬೋರ್ಡನ್ನೂ ಪಕ್ಕಕ್ಕೆ ಸರಿಸಿದಳು. "ಕಂಬಳಿ ಹೊದ್ಕೊಂಡು ಕೂಗಿದ ಹಾಗಿದೆ. ಬೇರೆ ತೋರ್ಸಿ ಯಜಮಾನ್ರೇ."

ವಾದ್ಯದಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿದರು. "ಕುಣಿಯೋಕೆ ಬರದವಳಿಗೆ ನೆಲ ಡೊಂಕು ಅಂತಾರಲ್ಲಮ್ಮ, ಹಾಗಾಯ್ತು ನಿನ್ನ ಕಥೆ."

ಬೇರೆ ದಿನವಾಗಿದ್ದರೆ ಅವಳೂ ಒಂದು ಮಾತು ತಿರುಗಿಸಿ ಕೊಡುತ್ತಿದ್ದಳು. ಈಗ ಗಂಟೆ ಮೂರು. ಆರಕ್ಕೆ ಡಾನ್ಸ್ ಹಾಲಿನಲ್ಲಿ ಅವಳ ಕಾರ್ಯಕ್ರಮ. ಹನ್ನೊಂದು ವರ್ಷ ಪ್ರತಿ ಭಾನುವಾರ ಅಲ್ಲಿ ಡಿಜೆಯಾಗಿ ಜನರನ್ನು ಕುಣಿಸಿದವಳು ಅವಳು. ಎರಡು ತಿಂಗಳಿಂದ ಮಾತ್ರ ಜನ ಅರ್ಧಕ್ಕೇ ಹೊರಟುಬಿಡುತ್ತಿದ್ದರು. ಹಾಲಿನ ಮಾಲೀಕ ಮೊನ್ನೆ ಕರೆದು ಹೇಳಿದ್ದ: "ಬರೀ ಹಾಡು ಹಾಕಿ ಕೈ ಎತ್ತಿದ್ರೆ ಈಗ ಯಾರೂ ನಿಲ್ಲಲ್ಲಮ್ಮ. ಎದುರಿಗೇ ಏನಾದ್ರೂ ನುಡಿಸು. ಈ ಭಾನುವಾರವೂ ಹಾಲ್ ಖಾಲಿಯಾದ್ರೆ ಮುಂದಿನ ವಾರದಿಂದ ಬೇರೆಯವರು." ಆ ಹಾಲ್ ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಹಾಡು ಬೆರೆಸುವ ಮಿಕ್ಸರಿನ ಪಕ್ಕದಲ್ಲಿ ಒಂದು ಮೊಳ ಜಾಗ, ಅಷ್ಟರಲ್ಲಿ ಕೂರಬೇಕು. ಪರದೆಯೊಳಗೆ ನಾಲ್ಕು ಮೆನು ದಾಟಿ ಸ್ವರ ಹುಡುಕುವಂಥದ್ದು ಬೇಡ, ಅಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಕತ್ತಲಲ್ಲೂ ಕೈಗೆ ಸಿಗುವ ನಾಲ್ಕು ನಾಬ್, ಎರಡು ಡಜನ್ ಕೀ ಇದ್ದರೆ ಸಾಕು.

"ಹಂಗಾದ್ರೆ ಇದೇ ಕೊನೇದು," ಎಂದು ಯಜಮಾನರು ಗಾಜಿನ ಕಪಾಟಿನಿಂದ ಒಂದು ಪುಟ್ಟ ಕಪ್ಪು ಪೆಟ್ಟಿಗೆ ತೆಗೆದು ಸ್ಪೀಕರಿಗೆ ಜೋಡಿಸಿದರು. "ಮಕ್ಕಳ ಆಟದ ಸಾಮಾನಿನ ಹಾಗೆ ಕಾಣುತ್ತೆ. ಬಾಯಿ ಮಾತ್ರ ಜೋರು."

ಗುಬ್ಬಿ ಒಂದು ಕೀ ಒತ್ತಿ ಹಿಡಿದಳು. ಸ್ವರದ ಚೂಪನ್ನು ಏರಿಸುವ ದೊಡ್ಡ ನಾಬನ್ನು ಕಾಲು ಭಾಗ ತಿರುಗಿಸಿದಳು. ಅರ್ಧ. ಮುಕ್ಕಾಲು. ಸ್ವರ ತುಸು ಮೇಲೆದ್ದು ಮತ್ತೆ ಅದೇ ಮಂಕಿಗೆ ಇಳಿಯಿತು. ಹಾಳಾದ್ದು, ಇದೂ ಹಾಗೇ! ನಾಬನ್ನು ಕೊನೆಯವರೆಗೂ ತಿರುಗಿಸಿದಳು.

ಗಿಟಾರಿಗೆ ತಂತಿ ಕೊಳ್ಳಲು ಬಂದಿದ್ದವನು ಹೊರಗೆ ಓಡಿದ. ಯಜಮಾನರ ಮುಖ ಹುಣಸೆಹಣ್ಣು ತಿಂದವರಂತೆ ಕಿವುಚಿಕೊಂಡಿತು. ಬಾಗಿಲ ಬಳಿ ನಿಂತಿದ್ದ ಗುಬ್ಬಿಯ ತಮ್ಮ ಧಾವಿಸಿ ಬಂದು ವೈರನ್ನೇ ಕಿತ್ತ.

"ಏನಕ್ಕಾ ಇದು! ಕಿವಿ ತೂತಾಗಿ ಹೋಗ್ತಿತ್ತು!"

"ಸ್ವರ ಇನ್ನೂ ಮೇಲಕ್ಕೆ ಬಂದೇ ಇರ್ಲಿಲ್ವಲ್ಲೋ," ಎಂದಳು ಗುಬ್ಬಿ.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳ ತಮ್ಮ ಡಾನ್ಸ್ ಹಾಲಿನಲ್ಲಿ ದೀಪ ನೋಡಿಕೊಳ್ಳುವವನು, ಸದ್ದು ಸರಿಯಾಗಿ ಕೇಳದ ಗಾಜಿನ ಕೋಣೆಯೊಳಗೆ ಕೂರುವವನು. ಅವನ ಮುಖದ ಬಣ್ಣ ಇಳಿದಿತ್ತು.

"ಅಕ್ಕಾ... ಮುಂದಿನ ಸಾಲಿನವರು ಎರಡೂ ಕೈ ಕಿವಿ ಹತ್ರ ತರ್ತಿದ್ರು. ನಾನು ಅದೇನೋ ಹೊಸ ಸ್ಟೆಪ್ ಅನ್ಕೊಂಡಿದ್ದೆ."

ಗುಬ್ಬಿಯೂ ಹಾಗೇ ಅಂದುಕೊಂಡಿದ್ದಳು. ಅಷ್ಟೇ ಅಲ್ಲ, ವೇದಿಕೆಯ ಮೇಲಿಂದ ಅವಳೂ ಕೈಗಳನ್ನು ಕಿವಿಯ ಬಳಿ ತಂದು ಅವರ ಜೊತೆ ಕುಣಿದಿದ್ದಳು. ಅದು ನೆನಪಾದ ಕೂಡಲೇ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ನಾಚಿಕೆಯ ಹಿಂದೆಯೇ ಭಯ ಬಂತು. ಸ್ಟೂಲಿನ ಮೇಲೆ ಕುಸಿದು ಕೂತಳು.

"ಇವತ್ತು ಬೇಡಕ್ಕಾ. ಡಾಕ್ಟರ ಹತ್ರ ಹೋಗೋಣ."

"ನಾಳೆ ಹೋಗೋಣ. ಇವತ್ತು ಹೋದ್ರೆ ಹಾಲ್ ಹೋಗುತ್ತೆ ಕಣೋ." ಅವಳು ಕಪ್ಪು ಪೆಟ್ಟಿಗೆಯನ್ನು ಅವನತ್ತ ತಳ್ಳಿದಳು. "ವೈರ್ ಹಾಕು. ಎಲ್ಲಿವರೆಗೆ ತಿರುಗಿಸಿದ್ರೆ ಜನಕ್ಕೆ ಹಿತ, ನೀನೇ ತಿರುಗಿಸಿ ತೋರ್ಸು."

ತಮ್ಮ ವೈರ್ ಹಾಕಿ ನಾಬನ್ನು ತಿರುಗಿಸುತ್ತ ಹೋಗಿ, ಅರ್ಧಕ್ಕಿಂತ ತುಸು ಮೊದಲೇ ನಿಲ್ಲಿಸಿದ. ಅವಳು ಬಿಳಿ ಟೇಪು ಕೇಳಿ, ಉಗುರಿನಷ್ಟು ಹರಿದು, ಅಲ್ಲಿ ಅಂಟಿಸಿದಳು. ಮಿಕ್ಸರಿಗೂ ಹೀಗೇ ಗುರುತು ಹಾಕಬೇಕು, ಐದು ಗಂಟೆಗೇ ಅಲ್ಲಿಗೆ ಹೋಗಬೇಕು ಎಂದಳು. ಇದನ್ನೇ ಕಟ್ಟಿಕೊಡಿ ಎಂದಳು.

ಯಜಮಾನರು ಡಬ್ಬ ಹುಡುಕಲು ಬಾಗಿದಾಗ ಎದ್ದು ಅವರನ್ನು ತಡೆದಳು.

"ಒಂದ್ನಿಮಿಷ. ಕಿವಿ ಎಷ್ಟು ಹೋಗಿದೆ ಅಂತ ನನಗೆ ಗೊತ್ತಾಗ್ಬೇಕು. ನಾಬ್ ಪೂರ್ತಿ ತಿರುಗಿಸಿ, ಎಲ್ಲಕ್ಕಿಂತ ಮೇಲಿನ ಸ್ವರ ಒತ್ತಿ. ನಾನು ಕಣ್ಮುಚ್ಕೋತೀನಿ, ಇಲ್ದಿದ್ರೆ ನಿಮ್ಮ ಮುಖ ನೋಡಿ ಹೇಳ್ಬಿಡ್ತೀನಿ."

"ಬೇಡ ಮಗಳೇ."

"ಒತ್ತಿ."

ಅವಳು ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ, ಉಸಿರು ಬಿಗಿಹಿಡಿದು ನಿಂತಳು. ತಮ್ಮ ತನ್ನ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಯಜಮಾನರು ಹಲ್ಲು ಕಚ್ಚಿಕೊಂಡರು. ಅವರ ಬೆರಳು ಕೊನೆಯ ಕೀಯನ್ನು ಆಗಲೇ ಪೂರ್ತಿ ಒತ್ತಿ ಹಿಡಿದಿತ್ತು.

"ಒತ್ತಿ ಯಜಮಾನ್ರೇ," ಎಂದಳು ಗುಬ್ಬಿ, "ಯಾಕೆ ಕಾಯ್ತಿದ್ದೀರಿ?"