ಆಳದಮ್ಮನ ಸೇತುವೆ

ಸೀಸದ ಗುಂಡು ಕಟ್ಟಿದ ಹಗ್ಗವನ್ನು ಎಂಜಿನಿಯರ್ ಸೇತುವೆಯ ಕಂಬಿಯ ಮೇಲಿಂದ ಇಳಿಬಿಡುತ್ತಿದ್ದಂತೆ ಶವವಾಹನದ ಚಾಲಕ ಎಂಜಿನ್ ಆರಿಸಿದ.

"ಇನ್ನೆಷ್ಟು ಹೊತ್ತಂತೆ?"

"ಅದನ್ನ ಹೊಳೆ ಹೇಳ್ಬೇಕು," ಎಂದಳು ಮಗಳು.

ವ್ಯಾನಿನೊಳಗೆ ಅವಳ ಅಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ಸ್ಮಶಾನ ಆಚೆ ದಡದಲ್ಲಿತ್ತು. ನಡುವೆ, ಊರಿನವರು ಯಾರೂ ಕಂಡಿರದಷ್ಟು ದೊಡ್ಡ ನೆರೆ. ಅದರ ಮೇಲೆ ಅಮ್ಮನೇ ಲೆಕ್ಕ ಹಾಕಿ ಬುನಾದಿ ಇಳಿಸಿದ ಸೇತುವೆ. ಕಂಬದ ಬುಡ ಎಷ್ಟು ಕೊರೆದಿದೆ ಎಂದು ಅಳೆಯುವ ತನಕ, ಬೆಳಗಿನಿಂದ ಅದನ್ನು ಮುಚ್ಚಿದ್ದರು.

"ಸುಮ್ನೆ ಸುತ್ತಿ ಹೋಗೋಣ ಕಣೇ ಪುಟ್ಟಿ," ಎಂದ ಸೋದರಮಾವ. "ಮೇಲ್ಗಡೆ ಬಂಡೆ ಮೇಲೆ ಕಟ್ಟಿದ ಸೇತುವೆ ಇದೆಯಲ್ಲ, ಸಂಜೆಗೆ ಮುಟ್ತೀವಿ."

"ನೀವು ಮಳೆಗಾಲ ಪೂರ್ತಿ ಸುತ್ಕೊಂಡೇ ಬರ್ತಿದ್ರಿ ಮಾವ. ಅಮ್ಮ ಅದಕ್ಕೆ ಎಷ್ಟು ನೊಂದ್ಕೋತಿದ್ಲು ಗೊತ್ತಾ?"

"ನೊಂದ್ಕೋತಿದ್ಲಾ? ನಗ್ತಿದ್ಲು! 'ಪುಕ್ಕಲ, ಕಣ್ಣು ಮುಚ್ಕೊಂಡು ದಾಟೋ' ಅಂತಿದ್ಲು. 'ನಿನ್ನ ಸೇತುವೆ ಮೇಲೆ ನಾನು ರೆಪ್ಪೆ ಕೂಡ ಮಿಟುಕಿಸಲ್ಲ ಕಣಕ್ಕ' ಅಂತಿದ್ದೆ."

ಮಾವನ ಕಣ್ಣುಗಳು ಕೆಂಡವಾಗಿದ್ದವು. ಅಕ್ಕನ ಮಂಚದ ಪಕ್ಕ ಕೂತು ಕೂತು ನಿದ್ದೆಗೆಟ್ಟಿದ್ದ. ಕಡೆಯದಾಗಿ ಅವಳು ಕೇಳಿದ್ದೂ ಅವನನ್ನೇ: "ಹೊಳೆ ಏರ್ತಾ ಇದೆಯೇನೋ?" ಅವನು ಸುಳ್ಳು ಹೇಳಿದ್ದ. "ಇಲ್ಲಕ್ಕ, ಇಳೀತಿದೆ."

*

ಬಹಳ ಹಿಂದೆ, ಮಗಳು ಶಾಲೆಗೂ ಸೇರಿರದ ಕಾಲ. ಅಮ್ಮ ಬಚ್ಚಲಲ್ಲಿ ದೊಡ್ಡ ಬೋಗುಣಿಗೆ ಮರಳು ತುಂಬಿ, ನಡುವೆ ಔಷಧಿಯ ಬಾಟಲಿ ನಿಲ್ಲಿಸಿ, ಒಂದು ಬದಿಯಿಂದ ನೀರು ಬಿಟ್ಟಳು. ನೀರು ಬಾಟಲಿಗೆ ಬಡಿದು, ಸುಳಿಯಾಗಿ ಕೆಳಗಿಳಿದು, ಅದರ ಕಾಲಬುಡದ ಮರಳನ್ನೇ ಕೊರೆಯಿತು. ಬಾಟಲಿ ಧೊಪ್ಪನೆ ಬಿತ್ತು. ಎರಡನೆಯ ಸಲ ಆಳಕ್ಕೆ ಹೂತಳು. ಸುತ್ತ ಅಷ್ಟೇ ದೊಡ್ಡ ಗುಂಡಿಯಾಯಿತು, ಬಾಟಲಿ ಮಾತ್ರ ಅಲುಗಲಿಲ್ಲ. ನೀರು ನಿಧಾನವಾದಂತೆ ಮೇಲಿನ ಮರಳು ಜಾರಿಬಂದು ಗುಂಡಿ ತುಂಬಿಕೊಂಡಿತು.

"ಗುಂಡಿ ಎಲ್ಲಿ ಹೋಯ್ತಮ್ಮಾ?"

"ಹೊಳೆ ಬಚ್ಚಿಟ್ಕೊಂಡ್ತು. ಸಿಟ್ಟು ಬಂದಾಗ ತೋಡತ್ತೆ, ಆಮೇಲೆ ನಾಚಿಕೆಯಾಗಿ ಮುಚ್ಚತ್ತೆ. ಬೇಸಿಗೇಲಿ ಹೋಗಿ ಕೇಳಿದ್ರೆ, ಅಯ್ಯೋ ನಾನಲ್ಲಪ್ಪ ಅನ್ನತ್ತೆ."

ಸೇತುವೆ ಕಟ್ಟುವ ಮುಂಚೆ ಅಮ್ಮನ ಕಚೇರಿಯವರು ಬೇಸಿಗೆಯಲ್ಲೇ ಹೋಗಿ ಅಳೆದಿದ್ದರು. ಆಗ ಅಲ್ಲಿದ್ದ ಹಳೇ ಸೇತುವೆಯ ಕಂಬಗಳ ಬುಡದಲ್ಲಿ ನೆಲ ಸಪಾಟಾಗಿತ್ತು. "ಕೊರೆತವೇ ಇಲ್ಲ, ನೀವು ಪಾತಾಳಕ್ಕೆ ಇಳೀತೀನಿ ಅಂತೀರಲ್ಲ ಮೇಡಂ?" ಎಂದು ಮೇಲಧಿಕಾರಿ ರೇಗಿದ್ದ. ಅಮ್ಮ ನೆರೆಯ ವೇಗ, ಮರಳಿನ ಕಣದ ಗಾತ್ರ, ಕಂಬದ ದಪ್ಪ ಎಲ್ಲವನ್ನೂ ಮುಂದಿಟ್ಟುಕೊಂಡು ಪಟ್ಟು ಹಿಡಿದಳು. ಬುನಾದಿ ಅವಳು ಹೇಳಿದಷ್ಟು ಇಳಿಯಿತು. ಊರಿಗೂರೇ ಅವಳನ್ನು ಆಳದಮ್ಮ ಎಂದು ಕರೆಯಿತು, ಅರ್ಧ ಪ್ರೀತಿಯಿಂದ, ಅರ್ಧ ಲೇವಡಿಯಿಂದ. ಆದರೆ ಅವಳು ಸರಿಯೋ ತಪ್ಪೋ ಎಂದು ತೀರ್ಪು ಕೊಡುವಂಥ ನೆರೆ ಬರಲೇ ಇಲ್ಲ. ಹೊಳೆ ಒಂದಿಷ್ಟು ಕೆಂಪಾದರೂ ಸಾಕು, ಅಮ್ಮನಿಗೆ ಊಟ ಸೇರುತ್ತಿರಲಿಲ್ಲ.

*

ಮೊದಲು ಬಿಟ್ಟ ಗುಂಡನ್ನು ಹರಿವು ಪಕ್ಕಕ್ಕೆ ಎಳೆದೊಯ್ದಿತು. ಅಮ್ಮನ ಕೈಕೆಳಗೇ ಕೆಲಸ ಕಲಿತಿದ್ದ ಎಂಜಿನಿಯರ್ ಇನ್ನೂ ಭಾರದ ಗುಂಡು ಕಟ್ಟಿದ. ಹೊಳೆಯ ತಿರುವು ಇದ್ದದ್ದು ಈಚೆ ದಡದಲ್ಲೇ. ನೀರಿನ ಹೊಡೆತವೆಲ್ಲ ದಡದ ಹತ್ತಿರದ ಈ ಮೊದಲ ಕಂಬಕ್ಕೆ.

"ಹಗ್ಗದಲ್ಲಿ ಕೆಂಪು ಬಟ್ಟೆ ಕಾಣತ್ತಲ್ಲ?" ಎಂದು ಅವನು ಕೂಗಿ ಹೇಳಿದ. "ಮೇಡಂ ಕಟ್ಟಿದ್ದು. ಹೊಳೆ ಹೆಚ್ಚಂದ್ರೆ ಇಷ್ಟು ಕೊರೆಯತ್ತೆ ಅನ್ನೋ ಗುರುತು. ಗುಂಡು ತಳ ಮುಟ್ಟೋ ಮುಂಚೆ ಬಟ್ಟೆ ಈ ಕಂಬಿ ದಾಟಿದ್ರೆ, ಲೆಕ್ಕ ತಪ್ಪಿದೆ ಅಂತ. ವ್ಯಾನ್ ತಿರುಗಿಸ್ಬಿಡಿ."

ಅದು ಅಮ್ಮನ ಹಳೇ ಸೀರೆಯ ಅಂಚು. ಮಗಳು ಗುರುತು ಹಿಡಿದಳು.

ಹಗ್ಗ ಇಳಿಯಿತು. ಬಟ್ಟೆ ಅವನ ಭುಜದಿಂದ ಮೊಣಕೈಗೆ ಬಂತು, ಮೊಣಕೈಯಿಂದ ಮುಂಗೈಗೆ. "ಸಾಕು ನಿಲ್ಲೇ, ತಾಯಿ," ಎಂದು ಮಾವ ಗೊಣಗಿದ. ಹೊಳೆಗೆ ಹೇಳಿದನೋ ಅಕ್ಕನಿಗೋ ಗೊತ್ತಾಗಲಿಲ್ಲ.

ಹಗ್ಗ ಸಡಿಲಾಯಿತು. ಬಟ್ಟೆ ಕಂಬಿಯಿಂದ ಒಂದು ಗೇಣು ಮೇಲೆ ನಿಂತಿತ್ತು.

ಎಂಜಿನಿಯರ್ ಮತ್ತೆ ಎತ್ತಿ ಬಿಟ್ಟ. ಅದೇ ಗೇಣು. "ಹಗ್ಗ ಓರೆ ಇದೆ," ಎಂದ. "ನಿಜವಾದ ಆಳ ಇನ್ನೂ ಕಮ್ಮಿನೇ. ಬುನಾದಿ ಅದಕ್ಕಿಂತ ಎಷ್ಟೋ ಕೆಳಗಿದೆ. ಒಂದೊಂದೇ ಗಾಡಿ ಬಿಡ್ತೀನಿ. ಮೊದಲು ಮೇಡಂ ಹೋಗ್ಲಿ."

"ಒಂದು ಗೇಣು ಉಳಿಸಿದ್ದಾಳೆ ನೋಡು," ಎಂದು ಮಾವ ನಕ್ಕ. ನಗುತ್ತಲೇ ಮುಖ ಒರೆಸಿಕೊಂಡ. "ಅಡುಗೆಗೆ ಉಪ್ಪು ಹಾಕೋದ್ರಲ್ಲಿ ಈ ಲೆಕ್ಕ ಎಲ್ಲಿ ಹೋಗಿತ್ತೋ!"

ಮಗಳು ಚಾಲಕನ ಪಕ್ಕ ಕೂತಳು. ಮಾವ ಹಿಂದೆ, ಅಕ್ಕನ ಬಳಿ ಕೂತ. ವ್ಯಾನು ಸೇತುವೆ ಹತ್ತಿತು. ಕೆಳಗೆ ಮರದ ದಿಮ್ಮಿಗಳು ಉರುಳಿಕೊಂಡು ಹೋಗುತ್ತಿದ್ದವು. ಕೆಂಪು ಬಟ್ಟೆ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು, ಒಣಗಿಯೇ ಇತ್ತು.

ನಡುಹೊಳೆಯಲ್ಲಿ ಹಿಂದಿನಿಂದ ಏನೋ ಸದ್ದು ಕೇಳಿ ಮಗಳು ಗಾಬರಿಯಿಂದ ತಿರುಗಿದಳು.

ಮಾವ ಅಕ್ಕನ ಹೊದಿಕೆಯ ಮೇಲೆ ಕೈಯಿಟ್ಟುಕೊಂಡು, ತಲೆ ವಾಲಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

"ಸ್ವಲ್ಪ ನಿಧಾನ ಹೋಗಿ," ಎಂದಳು ಚಾಲಕನಿಗೆ, ಮೆಲ್ಲಗೆ.