ತಗಡು ಬಡಿದು ಮಹಿಳೆ ಸಾವು

ಇಪ್ಪತ್ತೆರಡು ವರ್ಷದಿಂದ ಸಿಂಧನೂರಿನ ವರದಿಗಾರ ನಾನು. ತಗಡು ಎಂಬ ಪದವನ್ನು ನನ್ನಷ್ಟು ಯಾವ ಗುಜರಿಯವನೂ ಬಳಸಿರಲಿಕ್ಕಿಲ್ಲ. ಏಪ್ರಿಲ್‌ ಬಂದರೆ ಊರು ‘ಕಾದ ತಗಡು’. ಶಾಲೆ ಸೋರಿದರೆ ‘ತುಕ್ಕು ಹಿಡಿದ ತಗಡಿನಡಿ ಮಕ್ಕಳ ಪಾಠ’. ಒತ್ತುವರಿ ತೆರವಾದರೆ ‘ಅನಧಿಕೃತ ತಗಡಿನ ಶೆಡ್‌’, ಅದೇ ಶೆಡ್ಡಿನಲ್ಲಿ ದೊಡ್ಡವರು ಯಾರಾದರೂ ಚಹಾ ಕುಡಿದರೆ ‘ಬಡವರ ತಗಡಿನ ಸೂರು’. ಗಾಳಿ ಬೀಸಿದರಂತೂ ‘ಹಾರಿಹೋದ ತಗಡುಗಳು’ ಮೊಬೈಲಿನಲ್ಲಿ ಸಿದ್ಧವಾಗಿಯೇ ಇರುತ್ತಿದ್ದವು, ಊರಿನ ಹೆಸರು ಬದಲಿಸಿದರೆ ಮುಗಿಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ನಾವು ಮೂವರು. ಇಲ್ಲಿ ನಾನು, ಲಿಂಗಸುಗೂರಿನಲ್ಲಿ ಆಸೀಫ್, ಮಸ್ಕಿಯಲ್ಲಿ ವಿರೇಶ. ಪತ್ರಿಕೆ ಬೇರೆ ಬೇರೆ, ವಾಟ್ಸ್‌ಆ್ಯಪ್ ಗುಂಪು ಒಂದೇ. ತನ್ನ ತಾಲೂಕಿನ ಸುದ್ದಿಯನ್ನು ಒಬ್ಬ ಬರೆದು ಹಾಕಿದರೆ ಉಳಿದಿಬ್ಬರು ಒಂದೆರಡು ಪದ ಆಚೀಚೆ ಮಾಡಿ ತಮ್ಮ ಪತ್ರಿಕೆಗೆ ಕಳಿಸುತ್ತಿದ್ದರು. ಪೆಟ್ರೋಲೂ ಉಳಿಯುತ್ತಿತ್ತು, ಕಾಲೂ ಉಳಿಯುತ್ತಿತ್ತು.

ಕಳೆದ ಮೇ ತಿಂಗಳಲ್ಲಿ ಒಂದು ಸಂಜೆ ಬಿರುಗಾಳಿ ಎದ್ದಿತು. ತುರ್ವಿಹಾಳ ರಸ್ತೆಯ ಅಕ್ಕಿ ಗಿರಣಿಯ ಮೇಸ್ತ್ರಿ ಯಂಕೋಬ ಫೋನ್ ಮಾಡಿದ.

“ಸರ, ನಮ್ಮ ಕೂಲಿಯವರ ಶೆಡ್ಡಿನ ತಗಡು ಹಾರಿ ಬಡದು ಗದ್ದೆಮ್ಮ ಅನ್ನಾಕಿ ತೀರ್ಕೊಂಡಾಳ್ರಿ. ಸಾವುಕಾರ್ರು ಸಣ್ಣದಾಗಿ ಹಾಕ್ರಿ ಅಂದಾರ.”

ನಾನು ಮಿರ್ಚಿ ಬಜ್ಜಿ ತಿನ್ನುತ್ತಿದ್ದೆ, ಕೂತಲ್ಲಿಂದ ಏಳಲಿಲ್ಲ. ಹಳೆಯ ವರದಿ ತೆಗೆದು ಹೆಸರು, ಜಾಗ ಬದಲಿಸಿದೆ. ‘ಪತ್ರಿಕೆ ಸ್ಥಳಕ್ಕೆ ಭೇಟಿ ನೀಡಿದಾಗ ಮೃತಳ ತಲೆಗೆ ಪೆಟ್ಟಾಗಿದ್ದುದು ಕಂಡುಬಂತು’ ಎಂಬ ಸಾಲು ಅದರಲ್ಲೇ ಇತ್ತು. ಅದನ್ನು ಅಳಿಸದೆ ನಮ್ಮ ಗುಂಪಿಗೂ ಹಾಕಿದೆ. ಮರುದಿನ ಮೂರೂ ಪತ್ರಿಕೆಗಳಲ್ಲಿ ಬಂತು.

ಹದಿನೈದು ದಿನಕ್ಕೆ ಗದ್ದೆಮ್ಮನ ಮಗಳು ನಂದಿನಿ ನನ್ನನ್ನು ಹುಡುಕಿಕೊಂಡು ಬಂದಳು. ಗಿರಣಿಯವರು ತಮ್ಮ ಮೋಟಾರಿನ ತಂತಿಯನ್ನು ಕೂಲಿಯವರ ಶೆಡ್ಡುಗಳ ಮೇಲೆಯೇ ಎಳೆದಿದ್ದರಂತೆ. ಗಾಳಿಗೆ ಅದು ತಗಡಿಗೆ ತಾಗಿದೆ, ಗದ್ದೆಮ್ಮ ತಗಡಿನ ಬಾಗಿಲು ಹಿಡಿದಿದ್ದಾಳೆ, ಕರೆಂಟು ಹೊಡೆದಿದೆ. ಯಾವ ವೈದ್ಯರೂ ನೋಡುವ ಮೊದಲೇ ಗಿರಣಿಯವರು ಮುಂದೆ ನಿಂತು ಹೆಣ ಸುಡಿಸಿದ್ದರು.

“ತಂತಿ ತಗೀರಿ ಅಂತ ಅವ್ವ ಮೂರು ಸರ್ತಿ ಹೇಳಿದ್ಲ್ರಿ,” ಎಂದಳು. “ಅದು ಇನ್ನೂ ಹಂಗ ಐತಿ. ಅದರ ತೆಳಗ ಹದಿನೆಂಟು ಮನಿ ಅದಾವ, ಕೂಸುಗೋಳು ಅದಾವ. ನಾ ಅರ್ಜಿ ಕೊಟ್ಟೀನಿ, ಸಾಹೇಬ್ರು ಬರ್ತಾರ. ನೀವು ನೋಡದ ಬರ್ದೀನಿ ಅಂತ ಅಷ್ಟ ಹೇಳ್ರಿ ಸಾಕು.”

“ಹೇಳ್ತೀನವ್ವ,” ಎಂದೆ. ಆ ಹೊತ್ತಿಗೆ ನಿಜವಾಗಿಯೂ ಹೇಳುವವನಿದ್ದೆ.

ವಿಚಾರಣೆಯ ದಿನ ಗಿರಣಿಯ ಅಂಗಳದಲ್ಲಿ ಅಧಿಕಾರಿ ಫೈಲು ಬಿಚ್ಚಿದರು. ಅದರಲ್ಲಿ ಮೂರು ಪತ್ರಿಕೆಗಳ ತುಣುಕುಗಳಿದ್ದವು. ಗಿರಣಿಯ ಸಾವುಕಾರ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ.

“ಮೂರೂ ಪತ್ರಿಕಿಯವರು ತಲಿಗೆ ಪೆಟ್ಟು ನೋಡೀವಿ ಅಂತ ಬರ್ದಾರ,” ಎಂದರು ಅಧಿಕಾರಿ. “ಪಂಪಾಪತಿಯವರ, ನೀವು ಖುದ್ದು ನೋಡೀರಿ ಹೌದಿಲ್ಲೋ?”

ಇಲ್ಲ ಎಂದರೆ ನನ್ನ ಕೆಲಸ ಹೋಗುತ್ತಿತ್ತು, ಆಸೀಫ್ ಮತ್ತು ವಿರೇಶನದೂ ಹೋಗುತ್ತಿತ್ತು. ಅವರಿಬ್ಬರ ಹೆಸರು ಬರೀ ನೆಪ, ಹೆದರಿದ್ದು ನನಗಾಗಿಯೇ. ಶೆಡ್ಡುಗಳ ಮೇಲೆ ಆ ತಂತಿ ಜೋತಾಡುತ್ತಿದ್ದುದು ನಾನು ನಿಂತಲ್ಲಿಗೇ ಕಾಣುತ್ತಿತ್ತು.

“ಹೌದ್ರಿ, ನೋಡೀನಿ,” ಎಂದೆ.

ಅಧಿಕಾರಿ ಬರೆದುಕೊಂಡು ಫೈಲು ಮುಚ್ಚಿದರು. ನಂದಿನಿ ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಜೀವ ಹೋಗೋತನ ಅವ್ವನ ತಲಿ ನನ್ನ ತೊಡಿ ಮ್ಯಾಲ ಇತ್ರಿ. ನೀವು ಯಾವ ಕಡಿ ನಿಂತಿದ್ರಿ?”